ಮಾಗಿರಾಯನ ಕಂಬಳಿ

ಇಲ್ಲ ಕಣ್ರೀ, ಕುಂಬಳಕಾಯಿ ಆದ್ರೆ ನೋವಾಗಲ್ಲ. ಸ್ವಲ್ಪ ಕಚಗುಳಿ ಆಗತ್ತೆ, ಅಷ್ಟೆ. ಕೇಳ್ಬೇಕು ಅಂತ ಬಾಯಿವರೆಗೂ ಬಂದಿತ್ತು, ಸಂಕೋಚಕ್ಕೆ ನುಂಗ್ಕೊಂಡ್ರಿ, ನಿಮ್ಮ ಮುಖದಲ್ಲೇ ಕಾಣ್ತಿದೆ. ಸಂಕೋಚ ಒಳ್ಳೇದಲ್ಲ. ಒಬ್ಬನ ಸಂಕೋಚದಿಂದ ಒಂದು ಇಡೀ ರಾಜ್ಯ ಗಡಗಡ ನಡುಗಿದ ಕತೆ ಇದು. ಹೌದು, ಮನುಷ್ಯ ಕುಂಬಳಕಾಯಿ ಆಗ್ಬಹುದು. ಬೂದುಗುಂಬಳ. ಸಿಹಿಗುಂಬಳ ಆಗೋಕಾಗಲ್ಲ. ವಾದ ಬೇಡ, ಕೇಳಿ.

ನಿಮ್ಮಜ್ಜಿಯ ಅಜ್ಜಿಗೆ ಹಾಲುಹಲ್ಲು ಬರೋಕೂ ಬಹಳ ಮುಂಚೆ ಸೊಗಡೂರು ಅಂತ ಒಂದು ರಾಜ್ಯ ಇತ್ತು. ಚಳಿಗಾಲ ಬಂದ್ರೆ ಹೊಲದ ತುಂಬ ಅವರೆ, ಅವರೆ ಮೇಲೆ ಇಬ್ಬನಿ, ಇಬ್ಬನಿ ಬಿದ್ದಷ್ಟೂ ಸೊಗಡು. ಆ ವಾಸನೆಯಿಂದಾನೇ ಊರಿಗೆ ಆ ಹೆಸರು. ಅಲ್ಲಿನ ಅರಸನ ಹೆಸರು ಪ್ರಚಂಡರಾಯ. ಹೆಸರಿಟ್ಟೋರು ಸ್ವಲ್ಪ ಅವಸರ ಮಾಡಿದ್ರು ಅನ್ಸತ್ತೆ. ಮನುಷ್ಯ ಬೆಣ್ಣೆ. ಯಾರಿಗೂ ಇಲ್ಲ ಅನ್ನೋಕೆ ಬಾಯೇ ಬರ್ತಿರ್ಲಿಲ್ಲ. ಶತ್ರುಗಳು ಯುದ್ಧಕ್ಕೆ ಬಂದ್ರೂ "ಬನ್ನಿ ಬನ್ನಿ, ಮೊದ್ಲು ಕೈಕಾಲು ತೊಳ್ಕೊಳ್ಳಿ" ಅಂದು ಊಟಕ್ಕೆ ಕೂರಿಸ್ತಿದ್ದ. ಉಂಡ ಮೇಲೆ ಅವರಿಗೂ ಯುದ್ಧ ಬೇಡ ಅನ್ಸ್ತಿತ್ತು. ಹಂಗಾಗಿ ರಾಜ್ಯ ಚೆನ್ನಾಗೇ ನಡೀತಿತ್ತು.

ಆ ಕಾಲದಲ್ಲಿ ಚಳಿ ಸುಮ್ನೆ ಬೀಳ್ತಿರ್ಲಿಲ್ಲ. ಕಾಲಲ್ಲಿ ನಡ್ಕೊಂಡು ಬರ್ತಿತ್ತು. ಅವನ ಹೆಸರು ಮಾಗಿರಾಯ. ದೊಡ್ಡ ಮಾಂತ್ರಿಕ. ಬಾಗಿಲಲ್ಲಿ ತಲೆ ಬಗ್ಗಿಸಿ ಬರೋಷ್ಟು ಎತ್ತರ, ಹೊಟ್ಟೆವರೆಗೂ ಬಿಳೀ ಗಡ್ಡ, ತಲೆಯಿಂದ ಕಾಲಿನವರೆಗೆ ಒಂದು ಕರೀ ಕಂಬಳಿ. ಕಿವಿ ಕಾಣಲ್ಲ, ಮೂಗು ಕಾಣಲ್ಲ, ಎರಡು ಕಣ್ಣು ಮಾತ್ರ ಹೊರಗೆ. ಪ್ರತಿ ವರ್ಷ ಅರಮನೆಯ ಉತ್ತರದ ಬಾಗಿಲಿಂದ ಒಳಗೆ ಬಂದು ಅತಿಥಿಯಾಗಿ ಕೂರ್ತಿದ್ದ. ಅವನ ಕಾಲ ಮುಗಿದಾಗ ಅರಸ ಎಲೆ ಅಡಿಕೆ ಕೊಡ್ತಿದ್ದ. ತಟ್ಟೇಲಿ ಎಲೆ ಅಡಿಕೆ ಬಂತು ಅಂದ್ರೆ ನೆಂಟ ಏಳ್ಬೇಕು ಅಂತ, ನಮ್ಮನೇಲೂ ಅಷ್ಟೆ, ನಿಮ್ಮನೇಲೂ ಅಷ್ಟೆ. ಮಾಗಿರಾಯ ಎದ್ದು "ಬರ್ತೀನಿ" ಅಂತ ಬಾಗಿಲು ಎಳ್ಕೊಂಡು ಹೋಗ್ತಿದ್ದ. ಉತ್ತರದ ಬಾಗಿಲು ಮುಚ್ಚಿದ ಮೇಲೇನೇ ದಕ್ಷಿಣದ ಬಾಗಿಲು ತೆಗೀತಿತ್ತು. ಆ ಬಾಗಿಲಿಂದ ವಸಂತ ಬರ್ತಿತ್ತು. ಎರಡೂ ಒಟ್ಟಿಗೆ ತೆಗೆದಿರೋ ಹಂಗಿಲ್ಲ. ಅದು ಆ ಅರಮನೆಯ ಮಾಯೆ.

ಆ ವರ್ಷವೂ ಎಲೆ ಅಡಿಕೆ ಬಂತು. ಮಾಗಿರಾಯ ಎದ್ದ. ಕೋಲು ತಗೊಂಡ. ಅಷ್ಟರಲ್ಲಿ ನಮ್ಮ ಅರಸನ ಬಾಯಿ ಸುಮ್ನಿರ್ಬೇಕಲ್ಲ.

"ಅಯ್ಯೋ, ಇಷ್ಟು ಬೇಗ ಹೊರಟ್ರಾ? ಇನ್ನೂ ಸ್ವಲ್ಪ ದಿನ ಇದ್ದು ಹೋಗ್ಬಹುದಿತ್ತಲ್ಲ!"

ಇದನ್ನ ಎಲ್ಲರೂ ಅಂತೀವಿ. ನೆಂಟರು ಚಪ್ಪಲಿ ಮೆಟ್ಟಿದ ಮೇಲೆ ಅಂತೀವಿ. ಅವರು "ಇಲ್ಲ ಇಲ್ಲ, ಇನ್ನೊಂದ್ಸಲ" ಅಂತಾರೆ. ಹಂಗಂತಾರೆ ಅನ್ನೋ ಧೈರ್ಯದ ಮೇಲೇನೇ ನಾವು ಅನ್ನೋದು.

ಮಾಗಿರಾಯ ತಿರುಗಿ ನಿಂತ. "ಏನಂದ್ರಿ?"

"ಇದ್ದು ಹೋಗಿ ಅಂದೆ."

"ನಿಜವಾಗ್ಲೂ?"

ಅರಸನ ಹಣೇಲಿ ಆ ಚಳೀಲೂ ಬೆವರು. ಆದ್ರೂ ಬಾಯಿ ಏನಂತು? "ನಿಮ್ಮದೇ ಮನೆ ಅಂದ್ಕೊಳ್ಳಿ" ಅಂತು.

ಮಾಗಿರಾಯ ವಾಪಸ್ ಬಂದು ಕೂತ. ಎಲೆ ಅಡಿಕೆ ತಟ್ಟೇನ ಪಕ್ಕಕ್ಕೆ ತಳ್ಳಿದ. ಮುಗೀತು.

ಚಳಿ ಹೋಗ್ಲೇ ಇಲ್ಲ. ಬಾಟ್ಲಿಯೊಳಗೆ ಕೊಬ್ಬರಿ ಎಣ್ಣೆ ಕಲ್ಲಾಯ್ತು, ಹೆಂಗಸರು ಕಡ್ಡಿ ಹಾಕಿ ಕೆದಕಿ ಕೆದಕಿ ತಲೆಗೆ ಹಚ್ಕೊಂಡ್ರು. ಮಕ್ಕಳ ಕೆನ್ನೆ ಒಡೀತು. ಗಂಡಸರು ಸ್ನಾನ ಬಿಟ್ರು, ಅದಕ್ಕೆ ಹೆಂಗಸರು ಮಾತು ಬಿಟ್ರು. ಅವರೆ ಮುಗೀತು, ಹೊಲ ಖಾಲಿಯಾಯ್ತು, ಹೊಸದು ಬಿತ್ತೋಕೆ ಮಣ್ಣು ಬಿಸಿ ಆಗ್ತಿಲ್ಲ. ಕಣಜದಲ್ಲಿ ರಾಗಿ ತಳ ಕಾಣ್ತು.

ಕೊನೆಗೆ ಮಂತ್ರಿ ಹೋಗಿ ಕೈ ಮುಗಿದು, "ಸ್ವಾಮಿ, ತಾವು ಯಾವಾಗ..." ಅಂತ ರಾಗ ಎಳೆದ.

"ವಸಂತ ಬಂದಿದೆ ಅಂತ ತೋರ್ಸಿ, ಎದ್ದು ಹೋಗ್ತೀನಿ" ಅಂದ ಮಾಗಿರಾಯ. "ಮೂಗಿಗೊಂದು ಗುರುತು, ಕಿವಿಗೊಂದು ಗುರುತು, ಕಣ್ಣಿಗೊಂದು ಗುರುತು. ಮೂರೂ ಒಬ್ಬರೇ ತರ್ಬೇಕು. ನನ್ನ ಮುಂದೆ ಸುಳ್ಳು ಹೇಳಿದ್ರೆ ಬೂದುಗುಂಬಳ ಆಗ್ತೀರಿ."

"ಬೂದುಗುಂಬಳ ಯಾಕೆ ಸ್ವಾಮಿ?"

"ನಂಗೆ ಮಜ್ಜಿಗೆಹುಳಿ ಇಷ್ಟ."

ಮೊದ್ಲು ಒಬ್ಬ ಅತ್ತರಿನವನು ಬಂದ. ಕಂಬದ ಹಿಂದೆ ಅತ್ತರು ಚೆಲ್ಲಿ "ಆಹಾ, ಮಲ್ಲಿಗೆ ಬಿರೀತು" ಅಂದ. ಕುಂಬಳಕಾಯಿ ಆದ. ಆಮೇಲೆ ಒಬ್ಬ ಕೊಳಲಿನವನು ಬಂದ. ಪರದೆ ಹಿಂದೆ ಕೂತು ಕೋಗಿಲೆ ಥರ ಊದಿದ. ಅವನೂ ಕುಂಬಳಕಾಯಿ. ಮೂರನೆಯವನು ಡಂಗೂರದ ದೊಡ್ಡೀರ. ಊರಲ್ಲಿ ಡಂಗೂರ ಸಾರೋನು. ಇಷ್ಟಾಗಿದ್ದನ್ನ ಅಷ್ಟು ಮಾಡಿ ಸಾರೋದು ಅವನ ಅಭ್ಯಾಸ. ಅವನು ಎಲ್ಲಿಂದಲೋ ಒಂದು ಕೆಂಪು ಮುತ್ತುಗದ ಹೂವು ತಂದು "ಕಾಡೆಲ್ಲ ಅರಳಿ ನಿಂತಿದೆ ಸ್ವಾಮೀ!" ಅಂತ ಕಿರುಚಿದ. ಮಾಗಿರಾಯನ ಅಂಗೈಯಲ್ಲಿ ಹೂವು ಕರಗಿ ನೀರಾಯ್ತು. ಡಂಗೂರ ಢಂ ಅಂತ ನೆಲಕ್ಕೆ ಬಿತ್ತು. ಅದರ ಪಕ್ಕದಲ್ಲಿ ಒಂದು ದಪ್ಪ ಬೂದುಗುಂಬಳ, ಮೈ ತುಂಬ ಬಿಳೀ ಪುಡಿ.

"ಉಗ್ರಾಣದ ಕುಂಬಳಕಾಯಿ ಎಲ್ಲ ಖರ್ಚಾಯ್ತಂತೆ. ಇವತ್ತು ದೀಪ ಹಚ್ಚೋ ಹೊತ್ತಿಗೆ ಮೂರರಲ್ಲಿ ದಪ್ಪಗಿರೋ ಇದನ್ನೇ ಮೊದ್ಲು ಹೆಚ್ಚಿ" ಅಂದ ಮಾಗಿರಾಯ.

ದೊಡ್ಡೀರನಿಗೆ ಒಬ್ಬಳು ತಂಗಿ. ಹೆಸರು ಮಾಚಿ. ಅಪ್ಪ ಅಮ್ಮ ಇಲ್ಲ, ಅಣ್ಣಾನೇ ಸಾಕಿದ್ದು. ಓದು ಕಲೀಲಿ ಅಂತ ಐಗಳ ಮಠಕ್ಕೂ ಹಾಕಿದ್ದ. ಮಗ್ಗಿ ಹೇಳ್ತಾ ಹೇಳ್ತಾ ಕಿಟಕಿ ಆಚೆ ಯಾವುದೋ ಹಕ್ಕಿ ಗೂಡಿಗೆ ಕಡ್ಡಿ ತಗೊಂಡು ಹೋಗೋದು ಕಂಡ್ಲು. ಅದರ ಹಿಂದೆ ಎದ್ದು ಹೋದೋಳು ಮತ್ತೆ ಮಠಕ್ಕೆ ಬರ್ಲಿಲ್ಲ. ಅವಳ ಮಗ್ಗಿ ಇವತ್ತಿಗೂ ಅಲ್ಲೇ ನಿಂತಿದೆ.

ಸುದ್ದಿ ಕೇಳಿ ಮಾಚಿ ಅರಮನೆ ಅಡುಗೆಮನೆಗೆ ಓಡಿ ಬಂದ್ಲು. ಅಡುಗೆ ಚೆನ್ನಜ್ಜಿ ಈಳಿಗೆಮಣೆ ಪಕ್ಕದಲ್ಲಿಟ್ಕೊಂಡು ತೆಂಗಿನಕಾಯಿ ತುರೀತಿದ್ಲು.

"ಅಜ್ಜೀ, ಅದು ನಮ್ಮಣ್ಣ!"

"ಗೊತ್ತು ಕಣೇ. ತಟ್ಟಿ ನೋಡಿದೆ. ಒಳಗಿಂದ 'ಅಯ್ಯೋ' ಅಂತು. ಒಳ್ಳೇ ಕುಂಬಳಕಾಯಿ ಹಂಗನ್ನಲ್ಲ."

"ಹೆಚ್ಬೇಡಿ ಅಜ್ಜಿ, ನಿಮ್ಮ ದಮ್ಮಯ್ಯ."

"ನಾನು ಹೆಚ್ಚದಿದ್ರೆ ನನ್ನೂ ಕುಂಬಳಕಾಯಿ ಮಾಡ್ತಾನೆ, ಆಮೇಲೆ ಇಬ್ಬರನ್ನೂ ಹೆಚ್ಚೋಕೆ ಇನ್ನೊಬ್ಬಳು ಬರ್ತಾಳೆ. ದೀಪ ಹಚ್ಚೋವರೆಗೂ ಕಾಯಿ ತುರೀತಿರ್ತೀನಿ. ನಿಧಾನಕ್ಕೆ ತುರೀತೀನಿ. ನೀನು ಏನು ಮಾಡ್ತೀಯೋ ಬೇಗ ಮಾಡು."

ಕುಂಬಳಕಾಯಿ ಒಳಗಿಂದ ಬಾವಿಯೊಳಗಿಂದ ಬಂದ ಹಂಗೆ ಒಂದು ದನಿ ಬಂತು. "ಲೇ ಮಾಚೀ..."

"ಏನಣ್ಣ?"

"ನನ್ನ ಹಂಗೆ ಸುಳ್ಳು ತರ್ಬೇಡ ಕಣೇ. ಮತ್ತೆ... ಈ ಅಜ್ಜಿಗೆ ತಟ್ಟಬೇಡ ಅನ್ನು. ನಗು ಬರತ್ತೆ."

"ಸುಮ್ನಿರು, ತಿರುಳು ಒಣಗತ್ತೆ" ಅಂದ್ಲು ಮಾಚಿ. ಕಣ್ಣು ಒರೆಸ್ಕೊಂಡು, ಒಂದು ಖಾಲಿ ಬುಟ್ಟಿ ಎತ್ಕೊಂಡು, ಮಾಗಿರಾಯನ ಮುಂದೆ ಹೋಗಿ ನಿಂತ್ಲು. "ತಾತ, ಮೂರು ಗುರುತು ನಾನು ತರ್ತೀನಿ."

ಕಂಬಳಿ ಒಳಗಿಂದ ಗೊಗ್ಗರು ದನಿ ಬಂತು. "ಹುಡುಕು ಹೋಗು. ನನ್ನ ಪ್ರಾಣಿಗಳು ಕಾವಲಿವೆ."

ಊರಾಚೆ ಎಲ್ಲ ಚಳೀನೇ. ಹೊಲದಲ್ಲಿ ಒಣ ಕೂಳೆ, ಕೆರೆ ಮೇಲೆ ಹೊಗೆ ಥರ ಮಂಜು, ಹೊಂಗೆಮರದ ಕೆಳಗೆ ಹಳದಿ ಎಲೆಯ ರಾಶಿ. ಬೇರೆಯವರಾಗಿದ್ರೆ "ಏನೂ ಇಲ್ಲ" ಅಂತ ವಾಪಸ್ ಹೋಗ್ತಿದ್ರು. ಎಲ್ಲರೂ ಹಂಗೇ ಮಾಡಿದ್ದು. ವಸಂತ ಅಂದ್ರೆ ವಾಲಗ ಊದಿಸ್ಕೊಂಡು ದಿಬ್ಬಣ ಬರತ್ತೆ ಅಂತ ಕಾಯ್ತಾರೆ. ಅದು ಮೊದ್ಲು ಬೆಕ್ಕಿನ ಥರ ಬರತ್ತೆ. ಒಂದು ಕಾಲಿಟ್ಟು ನೋಡತ್ತೆ.

ಮಾಚಿ ನೋಡಿದ್ಲು. ಕುಂಬಾರರ ಮನೆ ನಾಯಿ ಇಡೀ ಚಳಿಗಾಲ ಒಲೆ ಬೂದೀಲಿ ಮುಖ ಹುದುಗಿಸಿ ಮಲಗ್ತಿತ್ತು. ಇವತ್ತು ದಾರಿ ಮಧ್ಯೆ ಕಾಲು ಚಾಚಿ ಬಿದ್ದಿತ್ತು. "ಓಹೋ" ಅಂದ್ಲು ಮಾಚಿ. ನಾಯಿ ಒಂದು ಕಣ್ಣು ತೆಗೆದು ನೋಡಿ "ಓಹೋ ಏನು? ದಾಟ್ಕೊಂಡು ಹೋಗು" ಅಂತು. ದಾಟ್ಕೊಂಡು ಹೋದ್ಲು.

ಮಾವಿನ ತೋಪಿನ ಹತ್ರ ಬಂದ್ಲು. ತೋಪೇ ಇಲ್ಲ! ಇಡೀ ತೋಪನ್ನ ತಬ್ಕೊಂಡು ಒಂದು ಬಿಳೀ ಆನೆ ಕೂತಿತ್ತು. ಮಂಜಿನ ಆನೆ. ಬೆಟ್ಟದಷ್ಟು ದಪ್ಪ, ಸೊಂಡಿಲು ಆಕಾಶಕ್ಕೆ.

"ಮುಂದೆ ಬಂದ್ರೆ ತುಳೀತೀನಿ!" ಅಂತು ಆನೆ.

ಮಾಚಿ ನಿಂತ್ಲು. ಆನೆ ಕಾಲ ಹತ್ರ ನೆಲ ನೋಡಿದ್ಲು. ಅಲ್ಲಿ ಇರುವೆ ಸಾಲು ಹೋಗ್ತಿತ್ತು. ನೆಟ್ಟಗೆ ಆನೆ ಹೊಟ್ಟೆಯೊಳಗೆ ಹೋಗ್ತಿತ್ತು, ಆ ಕಡೆಯಿಂದ ಬರೋ ಇರುವೆಗಳು ಹೊಟ್ಟೆ ತುಂಬಿ ನಿಧಾನಕ್ಕೆ ಬರ್ತಿದ್ವು. ಚಳೀಲಿ ಇರುವೆ ಗೂಡು ಬಿಟ್ಟು ಏಳಲ್ಲ. ಎದ್ದಿವೆ ಅಂದ್ರೆ ಮೇಲೆ ಏನೋ ಸಿಹಿ ಇದೆ.

"ಆನೆಯಣ್ಣ, ಇರುವೆಗಳನ್ನ ತುಳೀಲಿಲ್ವಲ್ಲ?"

ಆನೆ ತಡವರಿಸ್ತು. "ಅವು... ಚಿಕ್ಕವು."

"ನಾನೂ ಚಿಕ್ಕೋಳೇ" ಅಂತ ಮಾಚಿ ಕಣ್ಣು ಮುಚ್ಕೊಂಡು ಇರುವೆ ಹಿಂದೆ ಆನೆಯೊಳಗೆ ನಡೆದುಬಿಟ್ಲು. ಏನಾಯ್ತು? ಮೈ ಒದ್ದೆ ಆಯ್ತು. ಅಷ್ಟೆ.

"ಥೂ, ನೀನು ಹೆದರ್ಬೇಕಿತ್ತು" ಅಂತ ಆನೆ ಅಳುಮೋರೆ ಹಾಕ್ತು. "ನಂಗೂ ಮೊದಲಿನ ಹಂಗೆ ಆಗ್ತಿಲ್ಲ ಕಣಮ್ಮ. ಮೊದ್ಲು ಮಧ್ಯಾಹ್ನದವರೆಗೂ ಆನೆ ಆಗಿರ್ತಿದ್ದೆ. ಈಗ ಬಿಸಿಲೇರೋ ಹೊತ್ತಿಗೇ ಕಾಲು ಕರಗತ್ತೆ."

ಮಾಚಿ ಮರ ತಡವಿದ್ಲು. ಎಲೆಗೆ ಜಿಗಿ ಅಂಟಿತ್ತು, ಕೈಗೂ ಅಂಟ್ತು. ಮೂಗೆತ್ತಿದ್ಲು. ಹುಳಿ ಅಲ್ಲ, ಸಿಹಿ ಅಲ್ಲ, ಎರಡರ ನಡುವೆ ಎಲ್ಲೋ ಒಂದು ಪರಿಮಳ. ಕೊಂಬೆ ತುದೀಲಿ ಸಾಸಿವೆಕಾಳಿನಷ್ಟು ಮೊಗ್ಗು, ಅಲ್ಲೊಂದು ಇಲ್ಲೊಂದು ಬಿರಿದ ಹೂವು. ಒಂದು ಗೊಂಚಲು ಮುರ್ಕೊಂಡ್ಲು. ಮೂಗಿನ ಗುರುತು ಬುಟ್ಟಿಗೆ ಬಿತ್ತು.

ಕೆರೆಯಾಚೆ ಬಿದಿರಿನ ಮೆಳೆ. ಅಲ್ಲಿಗೆ ಹೋಗೋ ಹೊತ್ತಿಗೆ ನೆಲ ನಡುಗ್ತಿತ್ತು. ಮೆಳೆ ಮುಂದೆ ಒಂದು ಕಲ್ಲುಕೋಣ ಮಲಗಿ ಗೊರಕೆ ಹೊಡೀತಿತ್ತು. ಉಸಿರು ಒಳಗೆ ತಗೊಂಡ್ರೆ ಗೊರ್‍ರ್, ಹೊರಗೆ ಬಿಟ್ರೆ ಭೊರ್‍ರ್. ಸುತ್ತಮುತ್ತ ಬೇರೆ ಯಾವ ಶಬ್ದವೂ ಕೇಳ್ಬಾರ್ದು ಅಂತಾನೇ ಮಾಗಿರಾಯ ಅದನ್ನ ಅಲ್ಲಿ ಮಲಗಿಸಿದ್ದ.

ಮಾಚಿ ಕೂತು ಕೇಳಿದ್ಲು. ಗೊರ್‍ರ್. ಭೊರ್‍ರ್. ಗೊರ್‍ರ್. ಭೊರ್‍ರ್. ಎರಡರ ನಡುವೆ ಕೋಣ ಒಂದು ಚೂರು ನಿಲ್ಲತ್ತೆ, ನಾವು ತುತ್ತು ನುಂಗೋಕೆ ನಿಲ್ತೀವಲ್ಲ ಅಷ್ಟು. ಆ ಸಂದೀಲಿ ಮೆಳೆಯೊಳಗಿಂದ ಏನೋ ಕೇಳಿಸ್ತು.

"ಕು... ಖ್... ಕುಕ್..."

ಮಾಚಿ ಮೆಲ್ಲಗೆ ಒಳಗೆ ನುಗ್ಗಿದ್ಲು. ಕೊಂಬೆ ಮೇಲೆ ಒಂದು ಕರೀ ಕೋಗಿಲೆ ಬೆನ್ನು ತಿರುಗಿಸಿ ಕೂತಿತ್ತು.

"ಕೇಳಿಸ್ತಾ?" ಅಂತು ಕೋಗಿಲೆ ನಾಚ್ಕೊಂಡು. "ಕೇಳ್ಬಾರ್ದಿತ್ತು. ಗಂಟಲು ಇನ್ನೂ ಸರಿಯಾಗಿಲ್ಲ. ಆ ಕೋಣನ ಗೊರಕೆ ಇದೆ ಅಂತ ಧೈರ್ಯವಾಗಿ ಅಭ್ಯಾಸ ಮಾಡ್ತಿದ್ದೆ."

"ಬಾ, ಅರಮನೇಲಿ ಹಾಡು."

"ಈ ಗಂಟಲಲ್ಲಾ? ಮಾನ ಹೋಗತ್ತೆ! ಹದಿನೈದು ದಿನ ಬಿಟ್ಟು ಬಾ, ಊರೇ ಕರಗೋ ಹಂಗೆ ಹಾಡ್ತೀನಿ."

"ಚೆನ್ನಾಗಿರೋ ಕೋಗಿಲೆ ದನೀನ ಕೊಳಲಿನವನು ಊದಿದ್ದ. ಅವನು ಈಗ ಕುಂಬಳಕಾಯಿ" ಅಂದ್ಲು ಮಾಚಿ. "ಈಗ ತಾನೇ ಶುರು ಮಾಡಿದೋನೇ ನಂಗೆ ಬೇಕು. ಕೆಟ್ಟದಾಗಿ ಹಾಡು. ಎಷ್ಟು ಕೆಟ್ಟದಾಗಿ ಹಾಡ್ತೀಯೋ ಅಷ್ಟು ನಿಜ."

ಕೋಗಿಲೆ ಯೋಚ್ನೆ ಮಾಡ್ತು. ಜೀವಮಾನದಲ್ಲಿ ಅದನ್ನ ಯಾರೂ ಹಿಂಗೆ ಹಾಡೋಕೆ ಕರೆದಿರ್ಲಿಲ್ಲ. ಬುಟ್ಟಿಗೆ ಇಳೀತು.

ಹೊರಗೆ ಬಂದ್ರೆ ಗೊರಕೆ ನಿಂತಿತ್ತು. ಕೋಣ ಎದ್ದು ನಿಂತು ದಾರಿ ಕಟ್ಟಿತ್ತು. "ಬುಟ್ಟೀಲಿ ಏನು?"

ಮಾಚಿ ಕೋಣನ ಕಡೆ ನೋಡಿದ್ಲು. ಕಲ್ಲಿನ ಮೈ ಮೇಲೆ ಅಲ್ಲಲ್ಲಿ ಹಕ್ಕಳೆ ಎದ್ದಿತ್ತು. ಕೋಣ ಕುತ್ತಿಗೇನ ಬಿದಿರಿಗೆ ಉಜ್ಜಿ ಉಜ್ಜಿ ಬಿದಿರೇ ಸವೆದಿತ್ತು.

"ಕೆರೀತಿದ್ಯಾ ಮಾವ?"

ಕೋಣನ ಕಣ್ಣಲ್ಲಿ ನೀರು ಬಂತು. "ತುಂಬಾ ದಿನದಿಂದ."

ಮಾಚಿ ಕಿವಿ ಹಿಂದೆ, ಕೊಂಬಿನ ಬುಡದಲ್ಲಿ, ಗದ್ದದ ಕೆಳಗೆ ಚೆನ್ನಾಗಿ ಕೆರೆದ್ಲು. ಚಳಿಗಾಲದ ಹಕ್ಕಳೆ ಚಕ್ಕೆಚಕ್ಕೆಯಾಗಿ ಉದುರ್ತು. ಕೋಣ "ಹಾ... ಸ್ವಲ್ಪ ಎಡಕ್ಕೆ... ಹಾ..." ಅಂತ ಕಾಲು ಮಡಚಿ ಕೂತು ಕಣ್ಣು ಮುಚ್ತು. ಬುಟ್ಟೀಲಿ ಏನು ಅಂತ ಆಮೇಲೆ ಕೇಳ್ಲೇ ಇಲ್ಲ. ಕಿವಿ ಗುರುತೂ ಆಯ್ತು.

ಇನ್ನು ಕಣ್ಣಿಗೆ. ಹೊತ್ತು ಪಡುವಣಕ್ಕೆ ವಾಲ್ತಿತ್ತು. ಮಾಚಿ ಕುರುಚಲು ಕಾಡಿಗೆ ಓಡಿದ್ಲು. ಅಲ್ಲಿ ಒಂದು ಮುತ್ತುಗದ ಮರ ಇದೆ ಅಂತ ಗೊತ್ತಿತ್ತು. ಇತ್ತು. ಒಂದು ಎಲೆ ಇಲ್ಲ. ಕೊಂಬೆ ತುಂಬ ಮೊಗ್ಗು, ಬೆಕ್ಕಿನ ಪಾದದಷ್ಟು ಮೆತ್ತಗೆ, ಆದ್ರೆ ಮಸಿಗಪ್ಪು. ಒಂದೂ ಅರಳಿರ್ಲಿಲ್ಲ. ಒಂದು ಎಸಳಿನ ತುದೀಲೂ ಕೆಂಪಿಲ್ಲ.

"ಪಾಪ" ಅಂತ ದನಿ ಬಂತು. ಬುಡದಲ್ಲಿ ಒಂದು ಹಾವು ಸುತ್ಕೊಂಡಿತ್ತು. ಮೈಯೆಲ್ಲ ಕನ್ನಡಿ. ಒಂದೊಂದು ಕನ್ನಡಿಯಲ್ಲೂ ಒಂದೊಂದು ಕೆಂಪು ಹೂವು ಹೊಳೀತಿತ್ತು. "ಇನ್ನೂ ಅರಳಿಲ್ಲ ಅಲ್ವಾ? ತಗೋ, ನನ್ನ ಹತ್ರ ಅರಳಿರೋದಿದೆ." ಬಾಲ ಒದರ್ತು. ಮಾಚಿ ಕಾಲ ಬುಡಕ್ಕೆ ಒಂದು ಮುತ್ತುಗದ ಹೂವು ಬಿತ್ತು. ಬೆಂಕಿ ಥರ ಕೆಂಪು. ಮುಟ್ಟಿದ್ರೆ ಸುಡತ್ತೇನೋ ಅನ್ನೋ ಅಷ್ಟು.

"ನಮ್ಮಣ್ಣನಿಗೂ ನೀನೇ ಕೊಟ್ಯಾ?"

"ಕೊಟ್ಟೆ. ಅವನು ದಾರಿ ಉದ್ದಕ್ಕೂ ಕೈಯಲ್ಲಿ ಬಿಗಿ ಹಿಡ್ಕೊಂಡು ಬಿಸಿ ಮಾಡಿಬಿಟ್ಟ. ನೀನು ಬುಟ್ಟೀಲಿಟ್ಟು ತಗೊಂಡು ಹೋಗು, ಕರಗಲ್ಲ. ಹೊತ್ತು ಇಳೀತಿದೆ ಮಗಳೇ. ಅಜ್ಜಿ ಕಾಯಿ ತುರಿದು ಮುಗಿಸಿರ್ತಾಳೆ."

ಸುಳ್ಳು ಹೇಳಲ್ಲ, ಮಾಚಿ ಬಗ್ಗಿದ್ಲು. ಬೆರಳು ಹೂವಿನವರೆಗೂ ಹೋಯ್ತು. ಈಳಿಗೆಮಣೆ ಕಣ್ಣ ಮುಂದೆ ಬಂತು, ಅಣ್ಣನ ನಗೂನೂ ಬಂತು. ಆದ್ರೆ ಹೂವಿನ ಸುತ್ತ ಒಂದು ನೊಣ ಇರ್ಲಿಲ್ಲ, ಒಂದು ಇರುವೆ ಇರ್ಲಿಲ್ಲ. ಅರಳಿದ ಮುತ್ತುಗ ಅಂದ್ರೆ ಹಕ್ಕಿಗಳ ಗಲಾಟೆಗೆ ಕಿವಿ ಮುಚ್ಕೋಬೇಕು. ಇದು ತಣ್ಣಗೆ, ಒಂಟಿಯಾಗಿ ಬಿದ್ದಿತ್ತು.

"ಬೇಡ" ಅಂದ್ಲು. "ಕಪ್ಪು ಅಂದ್ರೆ ಕಪ್ಪು ಅಂತಾನೇ ಹೇಳ್ತೀನಿ."

ಒಂದು ಕರೀ ಮೊಗ್ಗು ಕಿತ್ತು ಬುಟ್ಟಿಗೆ ಹಾಕ್ಕೊಂಡು ಓಡಿದ್ಲು.

ಅರಮನೇಲಿ ದೀಪದ ಬತ್ತಿ ಹೊಸೀತಿದ್ರು. ಚೆನ್ನಜ್ಜಿ ತುರಿದ ಕಾಯೀನೇ ಮತ್ತೆ ತುರೀತಿದ್ಲು. ತುರಿ ಹಿಟ್ಟಾಗಿತ್ತು. ಅರಸ, ಮಂತ್ರಿ ಎಲ್ಲ ಸಾಲಾಗಿ ಕೂತು ಹಲ್ಲು ಕಡೀತಿದ್ರು, ಕೋಪಕ್ಕಲ್ಲ, ಚಳಿಗೆ.

"ತೋರ್ಸು" ಅಂದ ಮಾಗಿರಾಯ.

ಮಾಚಿ ಮಾವಿನ ಗೊಂಚಲು ಎತ್ತಿ ಹಿಡಿದ್ಲು. "ಮೂಗಿಗೆ."

ಮಾಗಿರಾಯನ ಮೂಗು ಕಂಬಳಿಯೊಳಗಿತ್ತು. ಒಂದು ಬೆರಳಿಂದ ಕಂಬಳೀನ ಗದ್ದದವರೆಗೂ ಸರಿಸಿದ. ಉದ್ದ ಮೂಗು ಹೊರಗೆ ಬಂತು. ಮೂಸಿದ. ಇನ್ನೊಂದ್ಸಲ ಮೂಸಿದ. "ನಿಜ" ಅಂದ ಬೇಸರದಿಂದ.

"ಕಿವಿಗೆ." ಮಾಚಿ ಬುಟ್ಟಿ ಮುಚ್ಚಳ ತೆಗೆದ್ಲು. ಕೋಗಿಲೆ ಸಭೆ ನೋಡಿ ಬೆವರ್ತು. "ಕು... ಖ್ಖ್... ಕುಕ್... ಕ್ಷಮಿಸಿ... ಕುಹ್ಖ್" ಅಂತು.

ಮಾಗಿರಾಯ ಸರಿಯಾಗಿ ಕೇಳೋಕೆ ತಲೆ ಮೇಲಿನ ಕಂಬಳೀನ ಹಿಂದಕ್ಕೆ ಸರಿಸಿದ. ಅದು ಭುಜದ ಮೇಲೆ ಬಿತ್ತು. "ಇಷ್ಟು ಕೆಟ್ಟದಾಗಿ ಹಾಡೋದನ್ನ ಯಾರೂ ನಕಲು ಮಾಡೋಕಾಗಲ್ಲ. ನಿಜ."

"ನಾನೇ!" ಅಂತು ಕೋಗಿಲೆ ಹೆಮ್ಮೆಯಿಂದ.

"ಕಣ್ಣಿಗೆ?"

ಮಾಚಿ ಉಸಿರು ಎಳ್ಕೊಂಡ್ಲು. "ಕುಂಬಾರರ ನಾಯಿ ಬೂದಿ ಬಿಟ್ಟು ದಾರೀಲಿ ಮಲಗಿದೆ ತಾತ."

"ಬೂದೀಲಿ ಇರುವೆ ಕಚ್ಚಿರ್ಬೇಕು."

"ಕಲ್ಲುಕೋಣ ಹಕ್ಕಳೆ ಉದುರಿಸ್ತಿದೆ."

"ಅದಕ್ಕೆ ಸ್ನಾನ ಇಲ್ಲ. ಹೂವು ಎಲ್ಲಿ? ಕೆಂಪು ಎಲ್ಲಿ?"

ಮಾಚಿ ಕರೀ ಮೊಗ್ಗನ್ನ ಅವನ ಮುಂದೆ ಇಟ್ಲು. "ಮುತ್ತುಗ ಇನ್ನೂ ಅರಳಿಲ್ಲ. ಇಷ್ಟೇ ಇರೋದು."

ಸಭೆ "ಅಯ್ಯೋ" ಅಂತು. ಅಡುಗೆಮನೇಲಿ ಕಾಯಿ ತುರಿಯೋ ಶಬ್ದ ನಿಂತುಹೋಯ್ತು. ಮಾಗಿರಾಯ ಮೊಗ್ಗನ್ನ ಬೆಳಕಿಗೆ ಹಿಡ್ಕೊಂಡು ನೋಡೋಕೆ ಮುಂದಕ್ಕೆ ಬಗ್ಗಿದ, ಕೈ ಎತ್ತಿದ. ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಗಹಗಹಿಸಿ ನಕ್ಕ.

"ಸುಳ್ಳು ಹೇಳ್ಲಿಲ್ಲ, ಅದಕ್ಕೆ ನೀನು ಕುಂಬಳಕಾಯಿ ಆಗಲ್ಲ. ಆದ್ರೆ ಗುರುತು ಎರಡೇ. ನಾನು ಏಳಲ್ಲ. ಅಜ್ಜೀ, ಹೆಚ್ಚಿ!"

ಈಳಿಗೆಮಣೆ ಎಳೆದ ಶಬ್ದ ಕೇಳಿಸ್ತು. ಕುಂಬಳಕಾಯಿ "ಮಾಚೀ..." ಅಂತು.

ಮಾಚಿ ಅಳ್ಲಿಲ್ಲ. ಅವಳು ನೋಡ್ತಿದ್ಲು. ಕಿಟಕಿ ಆಚೆ ನೋಡೋ ಹಂಗೆ ಮಾಗಿರಾಯನ್ನೇ ನೋಡ್ತಿದ್ಲು.

"ತಾತ" ಅಂದ್ಲು ಮೆಲ್ಲಗೆ. "ನಿಮ್ಮ ಕಂಬಳಿ ಎಲ್ಲಿ?"

ಮಾಗಿರಾಯ ನಗು ನಿಲ್ಲಿಸಿದ. ಭುಜ ಮುಟ್ಕೊಂಡ. ಇಲ್ಲ. ಬೆನ್ನು ಮುಟ್ಕೊಂಡ. ಇಲ್ಲ. ಕೆಳಗೆ ನೋಡಿದ. ಕರೀ ಕಂಬಳಿ ಅವನ ಕಾಲ ಹತ್ರ ನೆಲದ ಮೇಲೆ ಗುಡ್ಡೆ ಬಿದ್ದಿತ್ತು. ಎಷ್ಟೋ ಸಾವಿರ ವರ್ಷದಲ್ಲಿ ಆ ಕಂಬಳಿ ನೆಲ ಕಂಡಿರ್ಲಿಲ್ಲ.

"ಮೂಸೋಕೆ ಅಂತ ನಾನೇ ಸರಿಸಿದ್ದು" ಅಂತ ಗೊಣಗಿದ. "ಕೇಳೋಕೆ ಅಂತ ತೆಗೆದದ್ದು. ಬಗ್ಗಿದಾಗ ಜಾರಿರತ್ತೆ."

"ತೆಗೆದ್ರಿ, ಸರಿ. ಚಳಿ ಇದ್ದಿದ್ರೆ ವಾಪಸ್ ಹೊದ್ಕೋತಿದ್ರಿ" ಅಂದ್ಲು ಮಾಚಿ. "ಮೂಗು ಮುಚ್ಕೊಳ್ಲಿಲ್ಲ. ತಲೆ ಮುಚ್ಕೊಳ್ಲಿಲ್ಲ. ಜಾರಿದ್ದು ನಿಮಗೆ ಗೊತ್ತೇ ಆಗ್ಲಿಲ್ಲ. ತಾತ, ನಿಮಗೆ ಸೆಕೆ ಆಗ್ತಿದೆ."

ಅಷ್ಟರಲ್ಲಿ ಮಾಗಿರಾಯನ ಮೂಗಿನ ತುದಿಯಿಂದ ಒಂದು ಹನಿ ಬೆವರು ಟಪ್ ಅಂತ ಕರೀ ಮೊಗ್ಗಿನ ಮೇಲೆ ಬಿತ್ತು. ಮೊಗ್ಗು ಒಂದು ಚೂರು ಬಾಯಿ ಬಿಡ್ತು. ಒಳಗೆ ಕೆಂಪು.

"ಮೂರು" ಅಂದ ಮಂತ್ರಿ. ಅವನಿಗೆ ಸಂಬಳ ಬರೋದು ಅದಕ್ಕೇ.

ಮಾಗಿರಾಯನ ಮುಖ ಈಗ ಎ‌ಲ್ಲರಿಗೂ ಕಾಣ್ತಿತ್ತು. ಭಯಂಕರ ಮುಖ ಅಂದ್ಕೊಂಡಿದ್ರು. ಇಲ್ಲ. ಯಾರದೋ ಮನೇಲಿ ಹೆಚ್ಚು ದಿನ ಉಳಿದುಬಿಟ್ಟ ಮುದುಕನ ಮುಖ.

"ಎಲ್ಲ ಊರಲ್ಲೂ ನಾನು ಯಾವಾಗ ಹೋಗ್ತೀನಿ ಅಂತಾನೇ ಕಾಯ್ತಾರೆ" ಅಂದ. "ಇರು ಅಂದೋನು ಇವನೊಬ್ಬನೇ. ಬಾಯಿಮಾತಿಗೆ ಅಂದ ಅಂತ ನಂಗೂ ಗೊತ್ತಿತ್ತು ಕಣಮ್ಮ. ಆದ್ರೂ ಕೂತೆ."

ಅರಸ ನೆಲ ನೋಡಿದ.

ಮಾಚಿ ಮುಂದೆ ಬಂದ್ಲು. "ತಾತ, ನಿಮ್ಮ ಮುಂದೆ ಸುಳ್ಳು ಹೇಳಿದ್ರೆ ಕುಂಬಳಕಾಯಿ ಆಗ್ತಾರೆ ಅಲ್ವಾ? ಹಂಗಿದ್ರೆ ಕೇಳಿ. ನೀವಿಲ್ದೆ ಅವರೆಗೆ ಸೊಗಡಿಲ್ಲ, ಈ ಊರಿಗೆ ಹೆಸರಿಲ್ಲ. ಜಗಲಿ ಮೇಲೆ ಬಿಸಿಲು ಕಾಯಿಸ್ಕೊಂಡು ಎಲ್ಲ ಒಬ್ಬರಿಗೊಬ್ಬರು ಅಂಟ್ಕೊಂಡು ಕೂರೋದು ನೀವಿದ್ದಾಗ ಮಾತ್ರ. ಬೇಸಿಗೇಲಿ ನಮ್ಮಣ್ಣನ ಪಕ್ಕ ಯಾರು ಕೂರ್ತಾರೆ? ಹಂಡೆ ಬಿಸಿನೀರು ಬೆನ್ನ ಮೇಲೆ ಬಿದ್ರೆ ಸ್ವರ್ಗ ಅನ್ಸೋದೂ ನೀವಿದ್ದಾಗ್ಲೇ. ನೀವು ಬರ್ಬೇಕು. ನಾವು ಕಾಯ್ತೀವಿ. ಆದ್ರೆ ಬರ್ಬೇಕು ಅಂದ್ರೆ ಮೊದ್ಲು ಹೋಗ್ಬೇಕಲ್ಲ ತಾತ."

ಎಲ್ಲರೂ ಮಾಚೀನ ನೋಡಿದ್ರು. ತಲೆಯಿಂದ ಕಾಲಿನವರೆಗೂ ನೋಡಿದ್ರು. ಮಂತ್ರಿ ಅವಳ ಕೈ ಮುಟ್ಟಿ ಬಿಳೀ ಪುಡಿ ಬರ್ತಿದ್ಯಾ ಅಂತಾನೂ ನೋಡಿದ. ಇಲ್ಲ. ಮಾಚಿ ಮಾಚಿಯಾಗೇ ಇದ್ಲು.

ಮಾಗಿರಾಯನೂ ನೋಡಿದ. ಆಮೇಲೆ ಕೈ ಚಾಚಿ ತಾನೇ ಪಕ್ಕಕ್ಕೆ ತಳ್ಳಿದ್ದ ಎಲೆ ಅಡಿಕೆ ತಟ್ಟೇನ ಹತ್ರಕ್ಕೆ ಎಳ್ಕೊಂಡ. ಎಲೆ ಬಾಡಿತ್ತು. ಅದನ್ನೇ ಮಡಚಿ ಬಾಯಿಗಿಟ್ಕೊಂಡ. ಎದ್ದ. ಎದ್ದ ಕೂಡ್ಲೇ ಅಡುಗೆಮನೇಲಿ ಪಟ್, ಪಟ್, ಪಟ್ ಅಂತ ಶಬ್ದ. ಅತ್ತರಿನವನು, ಕೊಳಲಿನವನು, ದೊಡ್ಡೀರ, ಮೂರೂ ಜನ ಈಳಿಗೆಮಣೆ ಸುತ್ತ ಕೂತಿದ್ರು, ಮೈ ತುಂಬ ಬಿಳೀ ಪುಡಿ.

ದೊಡ್ಡೀರ ಬಂದು ತಂಗಿ ತಲೆ ಮೇಲೆ ಕೈಯಿಟ್ಟ. "ಹಸಿವು ಕಣೇ" ಅಂದ.

"ಮಜ್ಜಿಗೆಹುಳಿ ಇದೆ. ಸೌತೆಕಾಯಿದು" ಅಂದ್ಲು ಚೆನ್ನಜ್ಜಿ. "ಕಾಯಿ ಮಾತ್ರ ಸ್ವಲ್ಪ ಜಾಸ್ತಿ ಆಗಿದೆ."

ಆಮೇಲೆ ಎಣ್ಣೆ ಕರಗ್ತು, ಗಂಡಸರು ಸ್ನಾನ ಮಾಡಿದ್ರು, ಹೆಂಗಸರು ಮಾತಾಡಿದ್ರು, ಕೋಗಿಲೆಗೆ ಗಂಟಲು ಬಂತು, ದೊಡ್ಡೀರ ಆದದ್ದಷ್ಟನ್ನೇ ಸಾರೋಕೆ ಕಲಿತ, ಇಡೀ ಸೊಗಡೂರು ನಕ್ಕೊಂಡು ಉಂಡ್ಕೊಂಡು ಚೆನ್ನಾಗಿತ್ತು. ಆದ್ರೆ ಅದೆಲ್ಲ ಆಮೇಲೆ. ಇನ್ನೂ ಬಾಗಿಲು ಹಾಕಿಲ್ವಲ್ಲ.

ಮಾಗಿರಾಯ ಕೋಲು ತಗೊಂಡು ಉತ್ತರದ ಬಾಗಿಲಿಗೆ ಹೋದ. ಮಾಚಿ ಕಂಬಳಿ ಎತ್ಕೊಂಡು ಹಿಂದೆ ಓಡಿದ್ಲು. "ತಾತ, ಇದು!"

"ನಿನ್ನ ಹತ್ರಾನೇ ಇರ್ಲಿ. ಬಂದಾಗ ಇಸ್ಕೋತೀನಿ" ಅಂದ. ಹೊಸ್ತಿಲ ಮೇಲೆ ನಿಂತು ಎಲ್ಲರ ಕಡೆ ತಿರುಗಿದ. "ಬರ್ತೀನಿ."

ಆಗ ಪ್ರಚಂಡರಾಯ ಎದ್ದು ನಿಂತ. ಕೈ ಮುಗಿದ. ಅಭ್ಯಾಸ ನೋಡಿ, ಬಾಯಿ ತಾನಾಗೇ ತೆರ್ಕೊಳ್ತು.

"ಅಯ್ಯೋ, ಇಷ್ಟು ಬೇಗ..."

ಇಡೀ ಸಭೆ ಎದ್ದು ನಿಂತ್ಕೊಳ್ತು. ಚೆನ್ನಜ್ಜಿ ಒಂದು ಹಿಡಿ ಕಾಯಿತುರಿ ಅರಸನ ಬಾಯಿಗೆ ತುರುಕಿದ್ಲು. ಮಾಗಿರಾಯ ಒಂದು ಗಳಿಗೆ ಅವನನ್ನ ನೋಡಿದ. ಗಡ್ಡದೊಳಗೆ ನಕ್ಕ. ಆಮೇಲೆ, ಅರಸ ಅದನ್ನ ಅಗಿದು ನುಂಗೋಕೆ ಮುಂಚೆ, ಬಿರಬಿರನೆ ಹೊರಗೆ ಹೋಗಿ ಬಾಗಿಲು ಎಳ್ಕೊಂಡ.